ನಾನೂರ ಹನ್ನೆರಡು ಹೆಬ್ಬೆಟ್ಟು

ಗೇಟಿನ ದಿನ ಮೊದಲ ಸೈರನ್ ಕೂಗಿತು ಅಂದರೆ ನಮ್ಮೂರಲ್ಲಿ ಯಾರೂ ಒಲೆ ಮುಂದೆ ಕೂತಿರುವುದಿಲ್ಲ. ಎಸರು ಕುದಿಯುತ್ತಿದ್ದರೆ ಕುದಿಯಲಿ, ಮಗು ಅಳುತ್ತಿದ್ದರೆ ಸೊಂಟಕ್ಕೆ ಹಾಕಿಕೊಂಡು ಓಡು! ಎರಡನೇ ಸೈರನ್ನಿಗೆ ಬಲೆ ಕೈಯಲ್ಲಿರಬೇಕು, ಮೂರನೇದಕ್ಕೆ ಕಾಲು ನೀರಲ್ಲಿರಬೇಕು. ಆಮೇಲೆ ಅಣೆಕಟ್ಟೆಯ ಗೇಟು ಏಳುತ್ತವೆ ನೋಡಿ, ಒಂದಾದ ಮೇಲೊಂದು, ಇಪ್ಪತ್ತೆರಡು ಗೇಟು. ಅರ್ಧ ಮೈಲಿ ಕೆಳಗೆ ನಿಂತಿದ್ದರೂ ನೆಲ ಅದುರುವುದು ಅಂಗಾಲಿಗೆ ಗೊತ್ತಾಗುತ್ತದೆ. ನನಗಂತೂ ಆ ಹೊತ್ತಿಗೆ ಹುಚ್ಚು ಹಿಡಿದ ಹಾಗಾಗುತ್ತದೆ, ನಗು ಬರುತ್ತದೆ, ಕಣ್ಣಲ್ಲಿ ನೀರೂ ಬರುತ್ತದೆ. ನನ್ನ ಹೆಸರು ಚಿಕ್ಕತಾಯಿ, ಅಂಬಿಗರ ಮುದ್ದಪ್ಪನ ಮಗಳು. ದಡದುದ್ದಕ್ಕೂ ಇರುವ ನಲವತ್ತು ಕಲ್ಲುಗಳಲ್ಲಿ ಹನ್ನೊಂದನೆಯದರ ಹತ್ತಿರ ಬಲೆ ಹಿಡಿಯುವವಳು. ಊರಿನ ಹೆಸರು ಮಾತ್ರ ಕೇಳಬೇಡಿ. ಹಳೇ ಊರನ್ನು ನಕ್ಷೆಯಿಂದ ಅಳಿಸಿದರು, ಹೊಸದನ್ನು ಇನ್ನೂ ಬರೆದಿಲ್ಲ.

ಹಳೇ ಊರು ಅಣೆಕಟ್ಟೆಯ ಆಚೆ ಬದಿಯಲ್ಲಿ ನೀರಿನಡಿ ಇದೆ. ನಾನೂರ ಹನ್ನೆರಡು ಮನೆ, ಒಂದು ಶಾಲೆ, ಎರಡು ಗಿರಣಿ, ಹೊಳೆಗೆ ಇಳಿಯಲು ಮೂವತ್ತಾರು ಮೆಟ್ಟಿಲು. ಎಲ್ಲವನ್ನೂ ಅಲ್ಲೇ ಬಿಟ್ಟು ನಾವು ಕಟ್ಟೆಯ ಈಚೆಗೆ ಬಂದು ತಗಡಿನ ಸೂರಿನ ಸಾಲುಮನೆಗಳಲ್ಲಿ ಕೂತೆವು. ಮೊದಲನೇ ಮಳೆಗಾಲದಲ್ಲಿ ಗೇಟು ಎತ್ತಿದಾಗ ಸುಮ್ಮನೆ ನೀರು ನೋಡಲು ಹೋಗಿದ್ದೆವು. ಆಗ ಬಂತು ಸಣ್ಣಕ್ಕನ ಹಿತ್ತಾಳೆ ಚೊಂಬು. ತುಂಬಿದ ಹಿತ್ತಾಳೆ ಚೊಂಬು ತೇಲಿಕೊಂಡು ಬರುವುದುಂಟೇ? ಬಂತು! ಹಿಂದಿನ ವರ್ಷ ಮೂವತ್ತಾರನೇ ಮೆಟ್ಟಿಲಿನಲ್ಲಿ ಅವಳ ಕೈ ಜಾರಿ ಹೋಗಿದ್ದ ಚೊಂಬು, ಬಾಯಿಯ ನೆಗ್ಗಿನ ಸಮೇತ. ಅದರ ಹಿಂದೆಯೇ ಯಾರದೋ ಚಪ್ಪಲಿ, ಯಾರದೋ ಕುಡುಗೋಲು, ಪೂಜಾರರ ಮನೆಯ ಗಂಟೆ. ಒಂದೇ ಸಮ ಬರುತ್ತಲೇ ಇದ್ದವು, ನಾವು ಬಾಯಿ ಬಿಟ್ಟುಕೊಂಡು ನಿಂತಿದ್ದೆವು.

ಹಳೇ ಊರಿನ ಹೊಳೆ ನಮ್ಮಿಂದ ಏನೇನು ಕಿತ್ತುಕೊಂಡಿತ್ತೋ ಅಷ್ಟನ್ನೂ ಗೇಟು ವಾಪಸು ಕೊಡುತ್ತದೆ. ಒಂದು ಮಳೆಗಾಲಕ್ಕೆ ಒಂದು ವರ್ಷದ್ದು. ಕೊನೆಗೆ ಬಿದ್ದದ್ದು ಮೊದಲು ಬರುತ್ತದೆ, ಮೊದಲು ಬಿದ್ದದ್ದು ಕೊನೆಗೆ. ಹಾಗೆ ನಾವು ವರ್ಷ ವರ್ಷ ಹಿಂದಕ್ಕೆ ಹೋಗುತ್ತಿದ್ದೇವೆ. ಉಸಿರಿದ್ದದ್ದನ್ನು ಮಾತ್ರ ಕೊಡುವುದಿಲ್ಲ. ಮನುಷ್ಯರಿಗಾಗಿ ಬಂದು ನಿಂತವರು ಎರಡು ವರ್ಷ ನಿಂತು, ಅತ್ತು, ಆಮೇಲೆ ಅವರೂ ಬಲೆ ಹಿಡಿದರು. ಬಂದ ವಸ್ತು ಒಣಗುವುದರೊಳಗೆ ಅದರ ವಾರಸುದಾರ ಮುಟ್ಟಿ 'ನಂದು' ಅನ್ನಬೇಕು. ಅಂದರೆ ಉಳಿಯಿತು, ಅನ್ನದಿದ್ದರೆ ಮರಳು. ಸತ್ತವರದಾದರೆ ಮಕ್ಕಳು ಅನ್ನಬಹುದು. ಮತ್ತೆ ನೀರಲ್ಲಿ ಅದ್ದಿ ನೋಡಿದ್ದೇವೆ, ಒದ್ದೆ ಗೋಣಿ ಸುತ್ತಿ ನೋಡಿದ್ದೇವೆ, ಊಹೂಂ, ಅದು ಮೈಮೇಲೆ ಹೊತ್ತು ತಂದ ನೀರು ಇರುವಷ್ಟೇ ಹೊತ್ತು. ಸುಳ್ಳು ಹೇಳಿದರೂ ನಡೆಯುವುದಿಲ್ಲ. ಗಿರಣಿಯವನು ಪಕ್ಕದ ಮನೆಯವಳ ಉಂಗುರಕ್ಕೆ 'ನಂದು' ಅಂದ, ಮುಷ್ಟಿ ಬಿಚ್ಚಿದರೆ ಒಂದು ಚಿಟಿಕೆ ಮರಳು.

ಆರನೇ ವರ್ಷ ಅಚ್ಯುತಯ್ಯ ಮೇಷ್ಟ್ರು ಯಾವಾಗಲೋ ಹರಿಗೋಲಿನಿಂದ ಬೀಳಿಸಿದ್ದ ಉತ್ತರಪತ್ರಿಕೆಗಳ ಕಟ್ಟು ಬಂತು. ಅವತ್ತು ಅವರು ಯಾರಿಗೂ ಹೇಳದೆ ಅಂದಾಜಿನ ಮೇಲೆ ಅಂಕ ಹಾಕಿ ಇಡೀ ಏಳನೇ ಕ್ಲಾಸು ಪಾಸು ಮಾಡಿದ್ದರಂತೆ! ಮೇಷ್ಟ್ರು ಪ್ರಾಮಾಣಿಕರು, 'ನಂದು' ಅಂದರು, ಕೂತು ತಿದ್ದಿಯೂ ತಿದ್ದಿದರು. ಅರ್ಧ ಜನ ಫೇಲು. ಮೀಸೆ ಹೊತ್ತ ಗಂಡಸರು, ಒಬ್ಬ ಕಂಡಕ್ಟರ್, ಒಬ್ಬ ನಾಟಿ ವೈದ್ಯ, ಎಲ್ಲರೂ ಹೆಂಡತಿಯರ ಎದುರು ತಲೆ ತಗ್ಗಿಸಿದರು. ನಕ್ಕು ನಕ್ಕು ನನಗೆ ಪಕ್ಕೆ ಹಿಡಿದುಕೊಂಡಿತ್ತು. ನಾಲ್ಕನೇ ವರ್ಷ ಒಂದು ತಾಮ್ರದ ಹಂಡೆ ಬಂದಿತ್ತು, ಮೂವರು ಅಣ್ಣತಮ್ಮಂದಿರ ಜಂಟಿ ಆಸ್ತಿ. ಇಬ್ಬರು 'ನಂದು' ಅಂದರು. ಮೂರನೆಯವನು ಹಳೇ ಜಗಳ ಎತ್ತಿಕೊಂಡು ಬಾಯಿ ಬಿಗಿದು ನಿಂತ. ಹಂಡೆಯ ಮೂರರಲ್ಲೊಂದು ಪಾಲು ಕಣ್ಣೆದುರೇ ಮರಳಾಗಿ ಉದುರಿತು. ಆ ಕಚ್ಚಿ ತೆಗೆದಂತಿರುವ ಹಂಡೆಯನ್ನು ಈಗಲೂ ಅವರ ಹಿತ್ತಿಲಲ್ಲಿ ನೋಡಬಹುದು, ತುಳಸಿ ನೆಟ್ಟಿದ್ದಾರೆ.

ಇನ್ನು ಅರ್ಜಿಯ ವಿಷಯ. ಸರ್ವೆಯವರು ಹೊಳೆದಂಡೆಯಲ್ಲಿ ಕೆಂಪು ಬಾವುಟ ನೆಟ್ಟು ಹೋದ ವರ್ಷ ಊರಿನವರು ಒಂದು ಅರ್ಜಿ ಬರೆಸಿದ್ದರು. ಅಣೆಕಟ್ಟೆಯನ್ನು ಎರಡು ಮೈಲಿ ಮೇಲಕ್ಕೆ ಕಟ್ಟಿ, ನಮ್ಮೂರು ಉಳಿಸಿ ಅಂತ. ಬರೆದವರು ಮೇಷ್ಟ್ರು. ಮನೆ ನಂಬರು, ಯಜಮಾನರ ಹೆಸರು, ಎದುರಿಗೆ ಹೆಬ್ಬೆಟ್ಟಿಗೆ ಜಾಗ. ತಾನು ಸರ್ಕಾರಿ ನೌಕರ, ಯಾರ ಕಣ್ಣಿಗೂ ಬೀಳಬಾರದು ಅಂತ ಮೇಷ್ಟ್ರು ಹಾಳೆಗಳನ್ನೂ ಇಂಕಿನ ಡಬ್ಬಿಯನ್ನೂ ಶಾಲೆಯ ಜಗುಲಿಯಲ್ಲಿಟ್ಟು ಮೂರು ದಿನ ಹೆಂಡತಿಯ ತವರಿಗೆ ಹೋಗಿಬಿಟ್ಟರು. ಯಾರು ಯಾರಿಗೆ ಯಾವಾಗ ಬಿಡುವೋ ಆಗ ಹೋಗಿ ಒತ್ತಿ ಬರುವುದು. ನಾಲ್ಕನೇ ದಿನ ಬೆಳಿಗ್ಗೆ ಅದನ್ನು ಆಚೆ ದಡದ ಕಚೇರಿಗೆ ಮುಟ್ಟಿಸುವ ಕೆಲಸ ನಮ್ಮಪ್ಪನದು, ಹರಿಗೋಲು ಹಾಕುವವನು ಅವನೇ ತಾನೆ. ನನಗಾಗ ಹದಿನಾರು. ಸಂಜೆ ಅಪ್ಪ ಬಂದಾಗ ಊರೆಲ್ಲ ಮೆಟ್ಟಿಲ ಮೇಲಿತ್ತು. "ಕೊಟ್ಟೆ" ಅಂದ. "ಓದಿದ್ರಾ?" ಅಂತ ಕೇಳಿದರು. "ಇಲ್ಲ" ಅಂದ.

ಆ ಒಂದು 'ಇಲ್ಲ'ದ ಮೇಲೆ ನಮ್ಮ ಹೊಸ ಊರು ನಿಂತಿತ್ತು ಅಂದರೆ ತಪ್ಪಿಲ್ಲ. ಪ್ರತಿ ಗೇಟಿನ ದಿನ ಊರಿನ ಮುಖಂಡ ದ್ಯಾವೇಗೌಡರು ಕಲ್ಲಿನ ಮೇಲೆ ಹತ್ತಿ ಭಾಷಣ ಮಾಡುತ್ತಿದ್ದರು. "ನಾನೂರ ಹನ್ನೆರಡು ಮನೆ, ನಾನೂರ ಹನ್ನೆರಡು ಹೆಬ್ಬೆಟ್ಟು! ಒಬ್ಬನೂ ಹಿಂದೆ ಸರೀಲಿಲ್ಲ! ಓದದೇ ಮುಳುಗಿಸಿದ್ರು ನಮ್ಮನ್ನ!" ನಾವೆಲ್ಲ ಹೋ ಅಂತ ಕೂಗುತ್ತಿದ್ದೆವು. ಅಪ್ಪನಿಗೆ ಸೇವಂತಿಗೆ ಹಾರ ಹಾಕುತ್ತಿದ್ದರು. ತಗಡಿನ ಸೂರು ಬೇಸಿಗೆಯಲ್ಲಿ ಸುಟ್ಟಾಗ, ನಲ್ಲಿಯಲ್ಲಿ ನೀರು ಬಾರದಾಗ, ನಾವು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದದ್ದು ಅದನ್ನೇ, ನಾವು ಒಗ್ಗಟ್ಟಾಗಿದ್ದೆವು, ಅವರು ಓದಲಿಲ್ಲ. ಅದರಿಂದ ಹೊಟ್ಟೆ ತುಂಬುವುದಿಲ್ಲ, ಆದರೆ ನಡು ನೆಟ್ಟಗೆ ನಿಲ್ಲುತ್ತದೆ.

ಅಣೆಕಟ್ಟೆ ಮುಗಿಯಲು ಒಂಬತ್ತು ವರ್ಷ ಹಿಡಿದಿತ್ತು. ನಾನು ಹೇಳುತ್ತಿರುವುದು ಒಂಬತ್ತನೇ ಗೇಟಿನ ದಿನದ ಕಥೆ. ಅಂದರೆ ಆ ಸಲ ವಾಪಸು ಬರಬೇಕಾದದ್ದು ಅರ್ಜಿ ಬರೆದ ವರ್ಷದ ಸಾಮಾನು. ಆ ವರ್ಷ ಹೊಳೆ ಉಕ್ಕಿ ಅರ್ಧ ಊರಿನ ಪಾತ್ರೆ ಪಡಗ ಒಯ್ದಿತ್ತು, ಹಾಗಾಗಿ ತಿಂಗಳ ಮುಂಚಿನಿಂದಲೇ ಊರಲ್ಲಿ ಗದ್ದಲವೋ ಗದ್ದಲ. ನನ್ನ ಮೂಗುತಿ ಬರುತ್ತೆ ಅಂತ ಒಬ್ಬಳು, ನನ್ನ ಹಾರ್ಮೋನಿಯಂ ಅಂತ ಇನ್ನೊಬ್ಬ. ನಾನು ಬಲೆಗೆ ಹೊಸ ದಾರ ಹಾಕಿ ಹೊಲಿಯುತ್ತಿದ್ದೆ. ಅಪ್ಪ ಮಾತ್ರ ಮುದ್ದೆ ಮುರಿದು ಮುರಿದು ಬಿಡುತ್ತಿದ್ದ. "ಜ್ವರಾನಾ?" ಅಂದರೆ ಇಲ್ಲ. "ಹಲ್ಲು ನೋವಾ?" ಅಂದರೆ ಇಲ್ಲ. "ಮತ್ತಿನ್ನೇನು ನಿನ್ನ ಸಂಕಟ?" ಅಂತ ರೇಗಿದೆ. "ಈ ಸಲ ಬಲೆಗೆ ನಾನೂ ಬರ್ತೀನಿ ತಾಯಿ, ಹನ್ನೊಂದನೇ ಕಲ್ಲಿಗೆ" ಅಂದ. ಅರವತ್ತಮೂರು ವರ್ಷ, ಮಂಡಿ ನೋವು, ನೀರಿಗಿಳಿಯುತ್ತಾನಂತೆ! ನನಗೆ ಖುಷಿಯೇ ಆಯಿತು, ದಡ್ಡಿ ನಾನು.

ಮೂರನೇ ಸೈರನ್ ಕೂಗಿತು. ಗೇಟು ಎದ್ದವು. ದ್ಯಾವೇಗೌಡರ ಭಾಷಣದ ಕೊನೆ ಅರ್ಧ ನೀರಿನ ಸದ್ದಿನಲ್ಲಿ ಮುಚ್ಚಿಹೋಯಿತು. ಅಪ್ಪ ಕೊರಳಲ್ಲಿ ಹಾರ ಹಾಕಿಕೊಂಡೇ ನನ್ನ ಪಕ್ಕ ಮೊಣಕಾಲುದ್ದ ನೀರಲ್ಲಿ ನಿಂತಿದ್ದ. ಬಂದವು ನೋಡಿ! ಹಾರ್ಮೋನಿಯಂ ಬಂತು, ಅದರ ಯಜಮಾನ ನೀರಲ್ಲೇ ಕೂತು ಒಂದು ಸ್ವರದ ಮನೆ ಒತ್ತಿದ, ಅದು ಕುಯ್ ಅಂದಿತು, ಜನ ಚಪ್ಪಾಳೆ ಹೊಡೆದರು. ಒಂದು ಒನಕೆ, ಎರಡು ಕೊಡ, ಯಾರದೋ ಮದುವೆಯ ಬಾಸಿಂಗ. ಎಲ್ಲಾ ಕಡೆಯಿಂದ "ನಂದು!" "ನಂದು ಕಣೋ!" "ಬಿಡೇ, ನಂದು!" ನನ್ನ ಬಲೆಗೆ ಒಂದು ಪುಟ್ಟ ತಗಡಿನ ಡಬ್ಬಿ ಬಿತ್ತು. ಮುಚ್ಚಳ ತೆಗೆದರೆ ನೇರಳೆ ಇಂಕು.

"ಅಯ್ಯೋ ನಂದು, ಶಾಲೇದು!" ಅಂತ ಅಚ್ಯುತಯ್ಯ ಮೇಷ್ಟ್ರು ಪಂಚೆ ಎತ್ತಿಕೊಂಡು ಓಡಿ ಬಂದರು. "ಈ ಡಬ್ಬಿ ಕಳೆದದ್ದಕ್ಕೆ ನನಗೆ ಮೆಮೊ ಕೊಟ್ಟಿದ್ರು! ಹದಿನೆಂಟು ವರ್ಷದಿಂದ ಹುಡುಕ್ತಿದ್ದೀನಿ! ಜಗುಲಿ ಮೇಲಿದ್ದದ್ದು ಹೊಳೆಗೆ ಹೇಗೆ ಬಿತ್ತು?"

ಪಕ್ಕದ ಕಲ್ಲಿನಲ್ಲಿ ಸೊಪ್ಪು ಮಾರುವ ಹೊನ್ನಾಜಮ್ಮ ಬಲೆ ಹಿಡಿದಿದ್ದಳು. ಹಳೇ ಊರು ಅಂದರೆ ಅವಳಿಗೆ ಪ್ರಾಣ. ಅವಳ ಗಂಡ, ಮಗು ಇಬ್ಬರನ್ನೂ ಅಲ್ಲೇ ಮಣ್ಣು ಮಾಡಿದ್ದು. "ಅದನ್ನ ಮುದ್ದಣ್ಣ ಒಯ್ದಿದ್ನಲ್ಲ ಮೇಷ್ಟ್ರೇ" ಅಂದಳು. "ಅರ್ಜಿ ತಗೊಂಡು ಹೋದ ದಿನ, ಹರಿಗೋಲಲ್ಲಿ ಅವನ ತೊಡೆ ಮೇಲಿತ್ತು. ನಾನೇ ನೋಡಿದ್ದೆ. ಕೈ ಜಾರಿತೇನೋ."

ನಾನು ಅಪ್ಪನ ಮುಖ ನೋಡಿದೆ. ಆ ಮುಖ ನೋಡಿದ ಮೇಲೆ ನನಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. ಕೊನೆಗೆ ಬಿದ್ದದ್ದು ಮೊದಲು ಬರುತ್ತದೆ. ಡಬ್ಬಿ ಬಂತು ಅಂದರೆ ಡಬ್ಬಿಗಿಂತ ಸ್ವಲ್ಪ ಮೊದಲು ಬಿದ್ದದ್ದು ಈಗ ಬರಬೇಕು. ಬಂದೇ ಬಿಟ್ಟಿತು, ನನ್ನ ಬಲೆಗೇ. ಅಪ್ಪನ ಹಳೇ ಹಸಿರಂಚಿನ ಪಂಚೆಯ ತುಂಡಿನಲ್ಲಿ ಕಟ್ಟಿದ ಗಂಟು. ಒಳಗೆ ಕಾಗದ ಅಂತ ಮುಟ್ಟಿದರೇ ಗೊತ್ತಾಗುತ್ತಿತ್ತು.

ನಾನು ಏನು ಮಾಡಿದೆ ಗೊತ್ತೇ? ಅದನ್ನು ಸೆರಗಿನಡಿ ಸೇರಿಸಿಕೊಂಡು ಕಲ್ಲಿನ ಮೇಲೆ ಕೂತುಬಿಟ್ಟೆ. ಮೋಡ ಹರಿದು ಬಿಸಿಲು ಬಿದ್ದಿತ್ತು. ಕಾಲು ಗಂಟೆ, ಅಷ್ಟೇ ಸಾಕಾಗಿತ್ತು. ಒಣಗಿ ಮರಳಾದರೆ ಸೆರಗು ಕೊಡವಿ ಎದ್ದು ಹೋಗುತ್ತಿದ್ದೆ, ಅಪ್ಪ ಸಾಯುವ ತನಕ ಹಾರ ಹಾಕಿಸಿಕೊಳ್ಳುತ್ತಿದ್ದ. ನನಗೆ ನಾಚಿಕೆ ಇರಲಿಲ್ಲ, ಈಗಲೂ ಇಲ್ಲ. ಅವನು ನಮ್ಮಪ್ಪ.

"ತೆಗಿ ತಾಯಿ" ಅಂದ ಅಪ್ಪ.

"ಸುಮ್ಮನಿರು. ಏನೂ ಬಂದಿಲ್ಲ."

"ಒಂಬತ್ತು ವರ್ಷದಿಂದ ಒಂದೊಂದೇ ಎಣಿಸ್ಕೊಂಡು ಕೂತಿದ್ದೀನಿ. ಇನ್ನು ನನ್ನ ಕೈಲಾಗಲ್ಲ. ತೆಗಿ."

ನಾನು ತೆಗೆಯಲಿಲ್ಲ. ಅವನೇ ಬಗ್ಗಿ, ಗಂಟನ್ನು ನನ್ನ ಮಡಿಲಿನಿಂದ ಎತ್ತಿ, ಎಲ್ಲರಿಗೂ ಕಾಣುವಂತೆ ಹಿಡಿದು, "ನಂದು!" ಅಂದ. ಹರಿಗೋಲಿನಿಂದ ದಡಕ್ಕೆ ಕೂಗುತ್ತಿದ್ದ ಹಳೇ ಗಂಟಲು ಅದು, ನೀರಿನ ಸದ್ದಿನಲ್ಲೂ ನಲವತ್ತು ಕಲ್ಲಿಗೆ ಕೇಳಿಸಿತು. "ಅರ್ಜಿ ಇದು. ನಾನು ಕೊಡ್ಲಿಲ್ಲ. ನಡುಹೊಳೇಲಿ ಎಸೆದುಬಿಟ್ಟೆ."

ಆಮೇಲೆ ಆದ ಗಲಾಟೆ ಏನು ಹೇಳಲಿ! "ಊರು ಮುಳುಗಿಸಿದ ಪಾಪಿ!" ಅಂದರು. "ಎಷ್ಟು ಹಾರ ಹಾಕಿಸ್ಕೊಂಡ್ಯೋ!" ಅಂದರು. ಯಾರೋ ನನ್ನ ಬಲೆ ಕಿತ್ತು ಎಸೆದರು, ನಾನು ಅವರ ಜುಟ್ಟು ಹಿಡಿದೆ. ಹೊನ್ನಾಜಮ್ಮ ನೀರು ಸೀಳಿಕೊಂಡು ಬಂದವಳೇ ಅಪ್ಪನ ಕೊರಳಿನ ಹಾರ ಹಿಡಿದು ಎಳೆದಳು, ಹೂವೆಲ್ಲ ಹೊಳೆಗೆ ಹೋಯಿತು. "ನನ್ನ ಮಗೂನ ಗುಡ್ಡೆ ಮುಳುಗೋಯ್ತಲ್ಲೋ ಮುದ್ದಣ್ಣ! ಇದನ್ನ ಓದಿದ್ದಿದ್ರೆ ಉಳೀತಿತ್ತೇನೋ!" ಅಂತ ಬಾಯಿ ಬಡಿದುಕೊಂಡಳು. ಅಪ್ಪ ಹೊಡೆಸಿಕೊಳ್ಳಲು ನಿಂತವನ ಹಾಗೆ ನಿಂತಿದ್ದ. ಅವಳು ಅವನ ಕೈಯಿಂದ ಗಂಟು ಕಸಿದು, ದಡದ ಮೇಲೆ ಒಂದು ಚಾಪೆ ಹಾಸಿಸಿ, ಹಾಳೆ ಹಾಳೆ ಬಿಡಿಸಿ ಹರವಿದಳು. "ನೋಡ್ರೋ! ನಿಮ್ಮ ನಿಮ್ಮ ಹೆಬ್ಬೆಟ್ಟು ನೋಡ್ಕೊಳ್ರಿ! ಇವನು ಏನು ಎಸೆದ ಅಂತ ನೋಡ್ರಿ!"

ನಾವು ಬಗ್ಗಿ ನೋಡಿದೆವು. ಹದಿನಾಲ್ಕು ಹಾಳೆ. ಮೇಷ್ಟ್ರ ಮುದ್ದಾದ ಅಕ್ಷರ, ನಂಬರು, ಹೆಸರು. ಎದುರಿಗೆ ಖಾಲಿ. ಅದರ ಕೆಳಗೆ ಖಾಲಿ. ಅದರ ಕೆಳಗೂ ಖಾಲಿ. ಎಲ್ಲೋ ಒಂದು ನೇರಳೆ ಹೆಬ್ಬೆಟ್ಟು, ಮತ್ತೆ ಇಡೀ ಹಾಳೆ ಖಾಲಿ.

"ಮೂವತ್ತೊಂದು" ಅಂದ ಅಪ್ಪ. "ನಡುಹೊಳೇಲಿ ಬಿಚ್ಚಿ ನೋಡಿದೆ. ಎರಡು ಸಲ ಎಣಿಸಿದೆ. ನಾನೂರ ಹನ್ನೆರಡು ಮನೇಲಿ ಮೂವತ್ತೊಂದು ಅಂತ ಹೇಗೆ ಕೊಡ್ಲಿ? ನಕ್ಕುಬಿಡ್ತಾರೆ ಅನ್ನಿಸ್ತು. ನಮ್ಮೂರಿನ ಮಾನ ಹೋಗುತ್ತೆ ಅನ್ನಿಸ್ತು."

ದ್ಯಾವೇಗೌಡರು ತಮ್ಮ ಸಾಲಿನ ಮೇಲೆ ಕಾಲು ಇಡಲು ನೋಡಿದ್ದನ್ನು ನಾನು ನೋಡಿದೆ. ಒತ್ತದವರಲ್ಲಿ ಪ್ರತಿಯೊಬ್ಬನಿಗೂ ತಾನು ಒತ್ತಿಲ್ಲ ಅಂತ ಗೊತ್ತಿತ್ತು, ಉಳಿದ ನಾನೂರ ಹನ್ನೊಂದು ಜನ ಒತ್ತಿದ್ದಾರೆ, ನನ್ನ ಒಂದು ಹೋದರೆ ಏನಂತೆ ಅಂದುಕೊಂಡಿದ್ದ. ಅಷ್ಟರಲ್ಲಿ ಮೊದಲನೇ ಹಾಳೆಯ ಮೂಲೆ ಸಣ್ಣಗೆ ಉದುರಿತು. ಅಪ್ಪನ 'ನಂದು'ವಿಗೆ ಉಳಿದದ್ದು ಗಂಟು ಕಟ್ಟಿದ್ದ ಪಂಚೆಯ ತುಂಡೊಂದೇ. ಹಾಳೆಗಳು ಅವನದಲ್ಲ.

"ಹೋಗ್ಲಿ ಬಿಡಿ" ಅಂದರು ದ್ಯಾವೇಗೌಡರು, ಅವಸರ ಅವಸರವಾಗಿ. "ಆದದ್ದಾಯ್ತು. ಮರಳಾಗಿ ಹೋಗ್ಲಿ. ಮುದ್ದಪ್ಪನ್ನ ಕ್ಷಮಿಸಿಬಿಡೋಣ." ಹೌದು ಹೌದು ಅಂತ ಎಷ್ಟೋ ತಲೆ ಆಡಿದವು. ಕಂಡಕ್ಟರ್ ಇನ್ನೊಂದು ಉಪಾಯ ತೆಗೆದ: "ಇಂಕು ಇಲ್ಲೇ ಇದೆಯಲ್ಲ, ಈಗಲೇ ಒತ್ತಿಬಿಟ್ರೆ?"

"ಒತ್ತಿ ನೋಡು, ಕೈ ಕತ್ತರಿಸ್ತೀನಿ!" ಅಂದಳು ಹೊನ್ನಾಜಮ್ಮ. ಅವಳ ಹೆಬ್ಬೆಟ್ಟಿನ ಮೇಲಿನ ಸಾಲೂ ಕೆಳಗಿನ ಸಾಲೂ ಆಗಲೇ ಪುಡಿಯಾಗುತ್ತಿದ್ದವು. "ಅವತ್ತು ಒತ್ತಿದ್ದು ಒತ್ತಿದ್ದು. ಇವತ್ತು ನೀವೆಲ್ಲ ಒತ್ತಿದ್ರೆ ನಾನು ಅವತ್ತು ಹೋಗಿದ್ದಕ್ಕೆ ಏನು ಬೆಲೆ? ನಂದು! ಇದು ನಂದು!" ಅವಳ ಸಾಲು ಒಂದೇ ಗಟ್ಟಿಯಾಯಿತು. ಸುತ್ತ ಎಲ್ಲ ಉದುರಿದರೆ ಒಂದು ಬೆರಳಗಲದ ಪಟ್ಟಿ ಉಳಿಯುತ್ತದೆ, ಅಷ್ಟೇ. ಅವಳು ಅಳಲು ಶುರು ಮಾಡಿದಳು. ಹೊನ್ನಾಜಮ್ಮ ಅತ್ತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ನನಗೆ ತಟ್ಟನೆ ಹೊಳೆಯಿತು. ಅದನ್ನು ಕೂಗಿದ್ದೂ ನಾನೇ, ಜಂಬ ಅಂದುಕೊಂಡರೂ ಸರಿ. "ಹಂಡೆ!" ಅಂತ ಅರಚಿದೆ. "ಹಂಡೆ ಥರ ಇದೂ ಜಂಟಿ! ಖಾಲಿ ಬಿಟ್ಟವರದ್ದೂ ಇದರಲ್ಲಿ ಪಾಲಿದೆ! ಯಾರ್ಯಾರ ಖಾಲಿಯೋ ಅವರವರು 'ನಂದು' ಅನ್ರಿ, ಉಳಿಯುತ್ತೆ!"

ಚೊಂಬಿಗೆ, ಹಾರ್ಮೋನಿಯಮ್ಮಿಗೆ 'ನಂದು' ಅನ್ನುವುದು ಸುಲಭ. ಬಿಸಿಲು ಏರುತ್ತಿತ್ತು. ಆಗ ಸಣ್ಣಕ್ಕ, ಅದೇ ಚೊಂಬಿನ ಸಣ್ಣಕ್ಕ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದಳು. "ನಂಬರ್ ಏಳು ನಂದು. ಖಾಲಿ ನಂದು! ನಮ್ಮತ್ತೆ ಮನೆ ಮುಳುಗಲಿ ಅಂತ ನಾನೇ ದೇವರಿಗೆ ಹರಕೆ ಹೊತ್ತಿದ್ದೆ, ಇನ್ನು ಹೆಬ್ಬೆಟ್ಟು ಒತ್ತೋದೆಲ್ಲಿ ಬಂತು!" ಏಳನೇ ಸಾಲಿನ ಮೇಲೆ ಬೆರಳಿಟ್ಟಳು. ಸಾಲು ನಿಂತಿತು. ಜನರಲ್ಲಿ ಯಾರೋ ಫಕ್ಕನೆ ನಕ್ಕರು, ಆ ನಗುವಿನಿಂದ ಕಟ್ಟೆ ಒಡೆದ ಹಾಗಾಯಿತು.

"ಮೇಷ್ಟ್ರೇ, ಓದಿ! ಬೇಗ ಓದಿ!" ಮೇಷ್ಟ್ರು ಕನ್ನಡಕ ಏರಿಸಿ ಓದತೊಡಗಿದರು. ಹೆಂಗಸರು ನಾಲ್ಕು ಸೀರೆ ಹಿಡಿದು ಬಿಸಿಲಿಗೆ ಅಡ್ಡ ಕಟ್ಟಿದರು. ನಂಬರು ಕೂಗುವುದು, ಒಬ್ಬರು ನುಗ್ಗಿ ಬಂದು ಬೆರಳಿಡುವುದು, "ನಂದು!" ಎನ್ನುವುದು. ಮನೆಯಲ್ಲಿದ್ದವರನ್ನು ಕರೆತರಲು ಸೈಕಲ್ಲುಗಳು ಓಡಿದವು. ಮಲಗಿದಲ್ಲೇ ಇದ್ದ ಒಬ್ಬ ಮುದುಕನನ್ನು ಮಂಚದ ಸಮೇತ ಹೊತ್ತು ತಂದರು! "ನಂದು, ಕರೆಂಟು ಬರುತ್ತೆ ಅಂದಿದ್ರು, ದೀಪ ನೋಡೋ ಆಸೆ." "ನಂದು, ನಾಳೆ ಒತ್ತೋಣ ಅಂದ್ಕೊಂಡೆ." "ನಂದು, ನಮ್ಮಪ್ಪಂದು, ಯಾಕೆ ಒತ್ತಿಲ್ಲ ಅಂತ ಗೊತ್ತಿಲ್ಲ, ಆದ್ರೂ ನಂದೇ." ಹದಿನೆಂಟನೇ ನಂಬರು ಬಂದಾಗ ಮೇಷ್ಟ್ರು ಓದುವುದು ನಿಲ್ಲಿಸಿದರು. "ಬರೆದವನೇ ಒತ್ತಿಲ್ಲ" ಅಂದರು, "ನೌಕರಿ ಹೋಗುತ್ತೆ ಅಂತ ಹೆದರಿದೆ. ನಂದು." ದ್ಯಾವೇಗೌಡರ ನಂಬರು ಬಂತು. ಅವರು ನಿಂತೇ ಇದ್ದರು, ಅವರ ಸಾಲು ಅಂಚಿನಿಂದ ಕರಗುತ್ತಿತ್ತು. "ಗೌಡ್ರೇ, ನಾನೂರ ಹನ್ನೆರಡು ಅಂತ ಕೂಗಿದ್ರಲ್ಲ, ಈಗ ಒಂದು ಕೂಗಿ" ಅಂದೆ ನಾನು. ಅವರು ನನ್ನನ್ನು ನುಂಗುವ ಹಾಗೆ ನೋಡಿದರು. ಆಮೇಲೆ ಧಡಕ್ಕನೆ ಮಂಡಿಯೂರಿ, "ನಂದು! ಮಗನಿಗೆ ಅಣೆಕಟ್ಟೆ ಸೈಟಿನಲ್ಲಿ ಮೇಸ್ತ್ರಿ ಕೆಲಸ ಕೊಡ್ತೀವಿ ಅಂದ್ರು, ಒತ್ತಲಿಲ್ಲ, ನಂದು!" ಅಂದರು. ಆ ದಿನ ಭಾಷಣಕ್ಕೆ ಬಿದ್ದದ್ದಕ್ಕಿಂತ ಜೋರು ಚಪ್ಪಾಳೆ ಬಿತ್ತು.

ಊರು ಬಿಟ್ಟು ಹೋದವರು, ಕುಲದಲ್ಲಿ ಯಾರೂ ಉಳಿಯದವರು ಅಂತ ನಲವತ್ತಕ್ಕೂ ಹೆಚ್ಚು ಸಾಲು ನಮ್ಮ ಕೈ ತಪ್ಪಿ ಮರಳಾದವು. ಹಾಳೆಗಳ ತುಂಬ ತೂತು. ಆದರೆ ಹಾಳೆಗಳು ನಿಂತವು! ನಮ್ಮ ಗಂಟಲು ಬಿದ್ದುಹೋಗಿತ್ತು, ಯಾರ್ಯಾರೋ ಯಾರ್ಯಾರನ್ನೋ ತಬ್ಬಿಕೊಂಡಿದ್ದರು. ಕೊನೇ ಹಾಳೆಯ ಕೊನೇ ಸಾಲು ಉಳಿಯಿತು. ನಮ್ಮ ಮನೆ ಹೊಳೆಗೆ ಅಂಟಿಕೊಂಡಿತ್ತು, ಊರಿನ ಕಟ್ಟಕಡೆಯ ಮನೆ. ಮೇಷ್ಟ್ರು ಓದಿದರು, "ನಾನೂರ ಹನ್ನೆರಡು. ಅಂಬಿಗರ ಮುದ್ದಪ್ಪ."

ಎದುರಿಗೆ ಖಾಲಿ.

ನಾನು ನಂಬಲಿಲ್ಲ, ಸೀರೆಯ ನೆರಳು ಸರಿಸಿ ನೋಡಿದೆ. ಖಾಲಿಯೇ. ಅಪ್ಪ ಚಾಪೆಯ ಹತ್ತಿರ ಬಂದು ಕೂತ. "ಮೂರು ದಿನ ಹರಿಗೋಲು ಬಿಟ್ಟು ಬರೋಕಾಗಲಿಲ್ಲ" ಅಂದ. ನನಗಲ್ಲ, ಹೊನ್ನಾಜಮ್ಮನಿಗೆ. "ಅದಕ್ಕೇ ಇಂಕಿನ ಡಬ್ಬಿ ಜೊತೆಗೆ ಒಯ್ದದ್ದು. ನಡುಹೊಳೇಲಿ ಒತ್ತೋಣ ಅಂತಲೇ ಗಂಟು ಬಿಚ್ಚಿದ್ದು ಕಣವ್ವ. ಬೆರಳಿಗೆ ಇಂಕೂ ಹಚ್ಕೊಂಡಿದ್ದೆ. ಮೂವತ್ತೊಂದು ಕಂಡಿತು. ಮೂವತ್ತೆರಡನೇದು ನಂದಾಗಬೇಕಿತ್ತು. ಅದರ ಬದಲು ಬೆರಳು ತೊಳ್ಕೊಂಡೆ." ಇಂಥದ್ದನ್ನು ಹದಿನೆಂಟು ವರ್ಷ ಒಬ್ಬನೇ ಹೊಟ್ಟೆಯಲ್ಲಿಟ್ಟುಕೊಂಡು ನಮಗೆ ಮುದ್ದೆ ಬಡಿಸುತ್ತಿದ್ದನಲ್ಲ ಅಂತ ನನಗೆ ಸಿಟ್ಟೂ ಬಂತು, ಕನಿಕರವೂ ಬಂತು. ಸಾಲಿನ ತುದಿ ಉದುರತೊಡಗಿತ್ತು. ಅವನು ಹೆಬ್ಬೆರಳನ್ನೇ ಅದರ ಮೇಲಿಟ್ಟ. "ನಂದು" ಅಂದ. ಈ ಸಲ ಕೂಗಲಿಲ್ಲ.

ಸಾಲು ನಿಂತಿತು. ಹೊನ್ನಾಜಮ್ಮ ಮೂಗು ಒರೆಸಿಕೊಂಡು, ಹದಿನಾಲ್ಕು ಹಾಳೆಯನ್ನೂ ಜೋಡಿಸಿ, ಅದೇ ಹಸಿರಂಚಿನ ತುಂಡಿನಲ್ಲಿ ಗಂಟು ಕಟ್ಟಿ ಅವನ ಮಡಿಲಿಗೆ ಹಾಕಿದಳು. "ನಾನು ಇದನ್ನ ಕೊಟ್ಟು ಬಾ ಅಂತ ಹೆಬ್ಬೆಟ್ಟು ಒತ್ತಿದ್ದೆ. ಏಳು. ಹೋಗಿ ಕೊಟ್ಟು ಬಾ."

"ಈಗಲಾ?" ಅಂದ ಅಪ್ಪ.

"ಮತ್ತೆ ಯಾವಾಗ?"

ಕಚೇರಿ ಅಣೆಕಟ್ಟೆಯ ನೆತ್ತಿಯ ಮೇಲಿದೆ, ಇನ್ನೂರ ಎಂಬತ್ತು ಮೆಟ್ಟಿಲು. ಮಂಡಿ ನೋವಿನ ಅಪ್ಪ ಮುಂದೆ, ಹಿಂದೆ ನಾನು, ನನ್ನ ಹಿಂದೆ ಒದ್ದೆ ಬಟ್ಟೆಯ ಇಡೀ ಊರು. ನೆತ್ತಿ ಮುಟ್ಟಿದಾಗ ಎಡಗಡೆಗೆ ಹಿನ್ನೀರು ಕಂಡಿತು, ನಮ್ಮ ಮೂವತ್ತಾರು ಮೆಟ್ಟಿಲು ಅದರ ತಳದಲ್ಲಿ ಎಲ್ಲೋ ಇದ್ದವು. ಗೇಟುಗಳು ಕಾಲ ಕೆಳಗೇ ಗುಡುಗುತ್ತಿದ್ದವು. ಇಂಜಿನಿಯರು ಚಿಕ್ಕ ವಯಸ್ಸಿನವನು, ನಾವು ಅರ್ಜಿ ಬರೆಸಿದಾಗ ಸ್ಲೇಟು ಹಿಡಿದಿದ್ದವನು. ಅಷ್ಟೊಂದು ಜನ ನೋಡಿ ಗಾಬರಿಯಿಂದ ಎದ್ದು ನಿಂತ. "ಏನಾಯ್ತು ಅಜ್ಜ? ಗೇಟು ಇಳಿಸ್ಬೇಕಾ?"

ಅಪ್ಪ ಏದುಸಿರು ಬಿಡುತ್ತಾ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಮೇಜಿನ ಮೇಲಿಟ್ಟ.

"ಅರ್ಜಿ, ಸ್ವಾಮಿ" ಅಂದ. "ತರೋದು ಸ್ವಲ್ಪ ತಡ ಆಯ್ತು. ಓದಿ."